ಕಳಿಸಿದವರ ಹೆಸರು

ಫೋನು ಬಂದಾಗ ಟೈಲರಮ್ಮನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಒಂದು ಪುಟ್ಟ ಫ್ರಾಕಿನ ಅಂಚು ಮಡಚುತ್ತಿದ್ದಳು. ಬಾಯಿ ಬಿಡುವ ಹಾಗಿರಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬರೀ "ಹ್ಞೂಂ" ಎಂದಳು. ಬೇರೆ ಹೊತ್ತಾಗಿದ್ದರೆ ಯಾರು, ಏನು, ಎತ್ತ ಎಂದು ನಡುವೆಯೇ ತಡೆದು ಕೇಳುತ್ತಿದ್ದಳೋ ಏನೋ. ಅವತ್ತು ತಡೆಯಲಾಗಲಿಲ್ಲ. ಆ ಕಡೆಯ ಗಂಡಸು ಹೇಳಬೇಕಾದುದನ್ನೆಲ್ಲ ಒಂದೇ ಸಮನೆ ಹೇಳಿ ಮುಗಿಸಿದ.

ಮೊದಲು ಅವಳ ಹೆಸರು ಹೇಳಿದ, ಆಮೇಲೆ ಮನೆ ನಂಬರು, ಬೀದಿ. ತಾನು ತಪಾಸಣೆಯ ಅಧಿಕಾರಿ ಎಂದ. ಅವಳು ಕಳಿಸಿದ ಒಂದು ಪಾರ್ಸೆಲನ್ನು ದಾರಿಯಲ್ಲಿ ತಡೆದಿದ್ದಾರೆ, ಒಳಗೆ ಅಮಲಿನ ಮಾತ್ರೆಗಳು ಸಿಕ್ಕಿವೆ, ಕೇಸಾಗಿದೆ, ಸಂಜೆಯೊಳಗೆ ಮನೆಗೆ ಪೊಲೀಸರು ಬರಬಹುದು ಎಂದ. ಗದರಲಿಲ್ಲ. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿಯನ್ನು ಹೇಗೆ ಮೆತ್ತಗೆ ಹೇಳುತ್ತಾರೋ ಹಾಗೆ ಹೇಳಿದ.

ಟೈಲರಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು. ಮಕ್ಕಳ ಬಟ್ಟೆ ಬಿಟ್ಟು ತಾನು ಬೇರೇನೂ ಕಳಿಸುವುದಿಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅದು ನಿಜವಲ್ಲವೆಂದು ಅವಳಿಗೇ ಗೊತ್ತಿತ್ತು.

ಅವಳು ಹೊಲಿದ ಫ್ರಾಕು, ಚಡ್ಡಿ, ಕುಲಾವಿಗಳನ್ನು ಫೋನಿನಲ್ಲೇ ಹೇಳಿ ತರಿಸಿಕೊಳ್ಳುವವರು ಬೇರೆ ಬೇರೆ ಊರುಗಳಲ್ಲಿದ್ದರು. ಅದಕ್ಕೆಂದು ಕೊರಿಯರ್‌ನವರಲ್ಲಿ ಒಂದು ಖಾತೆ ಮಾಡಿಸಿದ್ದಳು. ಅವರ ಆಳು ದಿನಾ ಮಧ್ಯಾಹ್ನ ಬಾಗಿಲಿಗೇ ಬಂದು ಒಯ್ಯುತ್ತಿದ್ದ, ದರವೂ ಅಗ್ಗ. ಇದು ತಿಳಿದದ್ದೇ ಬೀದಿಯವರೆಲ್ಲ ಅವಳ ಬಾಗಿಲಿಗೆ ಬಂದರು. ಹಾಸ್ಟೆಲಿನಲ್ಲಿರುವ ಮಗನಿಗೆ ಸ್ವೆಟರು, ತಂಗಿಗೆ ಔಷಧಿ, ಯಾರದೋ ಪರೀಕ್ಷೆಯ ಪುಸ್ತಕ. ಎಲ್ಲದರ ಮೇಲೂ ಕಳಿಸಿದವರು ಎಂಬಲ್ಲಿ ಟೈಲರಮ್ಮನ ಹೆಸರು, ಟೈಲರಮ್ಮನ ನಂಬರು. ಖಾತೆ ಅವಳದಲ್ಲವೇ. ಒಡೆಯುವ ಸಾಮಾನಾ ಎಂದಷ್ಟೇ ಕೇಳಿ ಚೀಟಿ ಅಂಟಿಸುವುದು ಅವಳ ಪದ್ಧತಿ. ಊರವರ ಗಂಟಿಗೆಲ್ಲ ನಿನ್ನ ಹೆಸರು ಯಾಕೆ ಎಂದು ಅತ್ತೆ ಗೊಣಗಿದರೆ, ಹೆಸರೇನು ಸವೆದು ಹೋಗುತ್ತಾ ಎಂದು ನಗುತ್ತಿದ್ದಳು.

ಫೋನಿನವನು ಯಾವ ಪಾರ್ಸೆಲ್ ಎಂದು ಹೇಳಲಿಲ್ಲ, ಸುಮ್ಮನೆ ಕಾದ. ಅವಳೇ ಮನಸ್ಸಿನಲ್ಲಿ ಹಿಂದಿನ ದಿನಗಳ ಗಂಟುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತ ಬಂದು ಒಂದರ ಮುಂದೆ ನಿಂತುಬಿಟ್ಟಳು.

"ಸಾರ್, ನಮ್ಮ ಮನೆಯಲ್ಲಿ ಯಾರೂ ಅಂಥವರಲ್ಲ" ಎಂದಳು.

"ಮನೆಯಲ್ಲಿ ಯಾರೋ ಅಂತ ನಾನು ಹೇಳಲೇ ಇಲ್ಲವಲ್ಲಮ್ಮಾ."

ಟೈಲರಮ್ಮನ ಕೈಯೊಳಗಿನ ಪಿನ್ನುಗಳು ಬೆವರಿಗೆ ಅಂಟಿಕೊಂಡವು.

ಅವಳ ಕಣ್ಣ ಮುಂದೆ ಬಂದದ್ದು ಮೈದುನನ ಗಂಟು. ಮನೆಯಲ್ಲಿ ಅವನನ್ನು ಚಿಕ್ಕವನು ಎನ್ನುತ್ತಿದ್ದರು. ಫ್ಯಾನು, ಮಿಕ್ಸಿ, ನೀರಿನ ಪಂಪು ರಿಪೇರಿ ಮಾಡುತ್ತಿದ್ದುದರಿಂದ ಬೀದಿಗೆ ಅವನು 'ಕರೆಂಟು'. ಟೈಲರಮ್ಮ ಈ ಮನೆಗೆ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ದೊಡ್ಡವನಾಗಿ ಮದುವೆಯಾದ, ಹೆಂಡತಿ ವರ್ಷ ತುಂಬುವ ಮೊದಲೇ ತವರಿಗೆ ಹೋದಳು, ತಿರುಗಿ ಬರಲಿಲ್ಲ. ಆ ಮನೆಯ ಮಾತು ಈ ಮನೆಯಲ್ಲಿ ಬರಕೂಡದು ಎಂದು ಅತ್ತೆ ಅಪ್ಪಣೆ ಮಾಡಿದರು. ಅಂದಿನಿಂದ ಚಿಕ್ಕವನ ಮಾತೇ ಕಡಿಮೆಯಾಗಿತ್ತು. ಈಚೆಗೆ ಫೋನು ಬಂದರೆ ಬೀದಿಗೆ ಹೋಗಿ ಮಾತಾಡುತ್ತಿದ್ದ. ಒಂದು ವಾರದ ಕೆಳಗೆ ಒಂದು ಚೌಕದ, ಭಾರದ ಗಂಟು ತಂದಿಟ್ಟಿದ್ದ. ದಪ್ಪ ಬಟ್ಟೆ ಸುತ್ತಿ, ಅವಳ ಸೂಜಿ ದಾರ ಕೇಳಿ ಪಡೆದು, ತಾನೇ ಅಡ್ಡಾದಿಡ್ಡಿ ಹೊಲಿದಿದ್ದ. ಕೊಡು, ನೀಟಾಗಿ ಹೊಲಿದುಕೊಡುತ್ತೇನೆ ಎಂದರೂ ಕೊಟ್ಟಿರಲಿಲ್ಲ. ವಿಳಾಸವೂ ಅವನದೇ ಬರಹ, ಯಾವುದೋ ಊರಿನ ಒಂದು ಕಿರಾಣಿ ಅಂಗಡಿ.

ಅಧಿಕಾರಿ ಎಂದು ಹೇಳಿಕೊಂಡವನು ಸಮಾಧಾನ ಹೇಳಿದ. ಕೊಟ್ಟವನ ಹೆಸರು ಅವಳು ಹೇಳಲೇಬೇಕೆಂದಿಲ್ಲ, ಹೇಳದೆಯೇ ಮುಗಿಸುವ ದಾರಿಯೂ ಇದೆ ಎಂದ. ಯಾರಿಗೂ ಬಾಯಿ ಬಿಡಬಾರದು. ಬಿಟ್ಟರೆ ಕೇಳಿಸಿಕೊಂಡವರೂ ಆರೋಪಿಗಳೇ. ಗಂಟೆಗೊಮ್ಮೆ ಮೆಸೇಜು ಬರುತ್ತದೆ, ಉತ್ತರ ಕೊಡಬೇಕು. ಅವಳ ಬ್ಯಾಂಕಿನ ಖಾತೆಯಲ್ಲಿರುವ ಹಣ ಮಾತ್ರೆ ಮಾರಿ ಬಂದದ್ದಲ್ಲ ಎಂದು ತೋರಿಸಲು ಅದನ್ನು ಅವರು ಹೇಳಿದ ಖಾತೆಗೆ ಹಾಕಬೇಕು, ಪರಿಶೀಲನೆ ಮುಗಿದ ಮೇಲೆ ಪೈಸೆ ಬಿಡದೆ ವಾಪಸು ಬರುತ್ತದೆ.

ಅವಳ ಖಾತೆಯಲ್ಲಿದ್ದದ್ದು ಚಿಕ್ಕವನ ಹಣ. ತನ್ನ ಕೈಯಲ್ಲಿದ್ದರೆ ಕರಗುತ್ತದೆ, ಅಮ್ಮನ ಕೈಗೆ ಹೋದರೆ ನೆಂಟರ ಪಾಲಾಗುತ್ತದೆ ಎಂದು ಅವನು ವರ್ಷಗಳಿಂದ ಸಂಪಾದನೆಯನ್ನು ಅತ್ತಿಗೆಗೆ ಕೊಡುತ್ತಿದ್ದ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಗ್ಗಿಕೊಂಡೇ ಕೆಲಸ ಮಾಡುತ್ತಿದ್ದವನಿಗೆ ನೆಟ್ಟಗೆ ನಿಲ್ಲುವಂಥ ಒಂದು ಮಳಿಗೆ ಹಿಡಿಯುವ ಆಸೆ. ಆ ಹಣದ ಮೊದಲ ಪಾಲು ಅವತ್ತು ಸಂಜೆಯೇ ಹೋಯಿತು. ಅವನದೇ ಹಣ, ಅವನನ್ನೇ ಉಳಿಸಲು ಹೋಗುತ್ತಿದೆ, ಇದರಲ್ಲಿ ತಪ್ಪೇನು ಎಂದುಕೊಂಡು ಅವಳು ಅಕ್ಕಿ ತೊಳೆಯಲು ಎದ್ದಳು.

ಆ ಮನೆಯಲ್ಲಿ ಮಧ್ಯಾಹ್ನ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಟೈಲರಮ್ಮನ ಗಂಡ, ಮನೆಯ ದೊಡ್ಡವನು, ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು. ನಸುಕಿಗೆ ಮೊದಲೇ ಹೋಗಿ, ಮಧ್ಯಾಹ್ನಕ್ಕೆ ಬಂದು, ಉಂಡು ಮಲಗುತ್ತಿದ್ದ. ಅವನು ಮಲಗಿದರೆ ಮಿಷನ್ನೂ ನಿಲ್ಲುತ್ತಿತ್ತು. ಆ ಹೊತ್ತು ಬರೀ ಕೈಹೊಲಿಗೆ. ಹಿಟ್ಟಿನವನ ನಿದ್ದೆ ಕೆಟ್ಟರೆ ನಾಳೆ ಊರಿಗೆಲ್ಲ ಕಲ್ಲು ಬ್ರೆಡ್ಡು ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಈ ಮೌನ ಫೋನಿನವನಿಗೆ ಒಳ್ಳೆಯ ಅನುಕೂಲವಾಯಿತು. ಅವನು ಅದೇ ಹೊತ್ತಿಗೆ ಫೋನು ಮಾಡುವುದನ್ನು ಕಲಿತ. ಟೈಲರಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಸಣ್ಣಗೆ ಬಿಟ್ಟು, ಪಿಸುಮಾತಿನಲ್ಲಿ ಉತ್ತರ ಕೊಡುತ್ತಿದ್ದಳು.

ಮಿಕ್ಕ ಹೊತ್ತು ಮೆಸೇಜು. "ಒಳಗಿದ್ದೀರಾ?" ಎಂದು ಬರುತ್ತಿತ್ತು. "ಇದ್ದೇನೆ" ಎಂದು ಇವಳು ಒತ್ತುತ್ತಿದ್ದಳು. ಅನ್ನ ಬಸಿಯುವಾಗ, ಬಟ್ಟೆ ಒಣಹಾಕುವಾಗ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವಾಗ. ಒಮ್ಮೆ ಹಾಲು ಕಾಯಿಸುತ್ತ ಸ್ವಲ್ಪ ತಡವಾಯಿತು. ತಕ್ಷಣ ಒಂದು ಚಿತ್ರ ಬಂತು: ಮೊಹರು ಹಾಕಿದ ಕಾಗದ, ಅದರಲ್ಲಿ ಅವಳ ಹೆಸರು, ಕೆಳಗೆ ಬಂಧನ ಎಂಬ ಪದ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಮರುದಿನದಿಂದ ಅವಳು ಫೋನನ್ನು ರವಿಕೆಯೊಳಗೆ ಇಟ್ಟುಕೊಂಡೇ ಅಡುಗೆ ಮಾಡಿದಳು.

ಬೀದಿಯವರ ಪಾರ್ಸೆಲ್ಲುಗಳನ್ನು ಒಲ್ಲೆ ಎಂದಳು. ಕೊರಿಯರ್ ಖಾತೆ ಕೆಟ್ಟಿದೆ ಎಂದು ನೆಪ ಹೇಳಿದಳು. ಎದುರುಮನೆಯಾಕೆ, ನಾಲ್ಕು ಕಾಸು ಕಂಡ ಮೇಲೆ ತಲೆ ನಿಲ್ಲುವುದಿಲ್ಲ ಬಿಡು ಎಂದು ಕೇಳಿಸುವ ಹಾಗೆಯೇ ಆಡಿಕೊಂಡಳು.

ಅತ್ತೆಗೆ ಕಿವಿ ಮಂದವಾಗಿದ್ದರೂ ಕಣ್ಣು ಚುರುಕು. ಸೊಸೆ ದಿನಕ್ಕೆ ಮೂರು ಸಲ ಬಚ್ಚಲಿಗೆ ಹೋಗುವುದು, ಒದ್ದೆಯಾಗದೆ ಹೊರಬರುವುದು ಅವರ ಲೆಕ್ಕಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಬಚ್ಚಲ ಬಾಗಿಲ ಹೊರಗೇ ಮಣೆ ಹಾಕಿ ಕೂತರು. ಸೊಸೆ ಹೊರಗೆ ಕಾಲಿಟ್ಟದ್ದೇ, "ಯಾವನೇ ಅವನು?" ಎಂದರು.

ಟೈಲರಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ಮಗಳು ಎದೆಯೆತ್ತರ ಬೆಳೆದಿದ್ದಾಳೆ. ಗಂಡ ಬೆಂಕಿ ಮುಂದೆ ಬೇಯ್ತಾನೆ. ನೀನು ನಲ್ಲಿ ಬಿಟ್ಕೊಂಡು ಯಾರ ಹತ್ತಿರ ಪಿಸಿಪಿಸಿ ಅಂತೀಯೆ?"

ಒಳಗೆ ಗಂಡ ಮಗ್ಗುಲು ಬದಲಿಸಿದ ಸದ್ದಾಯಿತು. ಟೈಲರಮ್ಮ ಅತ್ತೆಯ ಬಾಯಿಗೆ ಕೈ ಅಡ್ಡ ಇಟ್ಟಳು. ಇಷ್ಟು ವರ್ಷದಲ್ಲಿ ಅವಳು ಅತ್ತೆಯ ಮೈ ಮುಟ್ಟಿ ತಡೆದದ್ದು ಅದೇ ಮೊದಲು. ಅಡುಗೆಮನೆಗೆ ಕರೆದೊಯ್ದು ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಬಾಗಿಲ ಕಡೆಗೇ ನೋಡುತ್ತಿದ್ದಳು.

ಅತ್ತೆ ಬೈಯುತ್ತಾರೆ, ಇಲ್ಲವೆ ನನ್ನ ಮಗ ಅಂಥವನಲ್ಲ ಎಂದು ಎಗರಿ ಬೀಳುತ್ತಾರೆ ಎಂದುಕೊಂಡಿದ್ದಳು. ಅತ್ತೆ ಎರಡನ್ನೂ ಮಾಡಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತರು. ಕೆಲವು ವಾರಗಳ ಹಿಂದೆ ಅವನ ಅಂಗಿಯ ಜೇಬಿನಲ್ಲಿ ಪರವೂರಿನ ಬಸ್ಸಿನ ಚೀಟಿ ಸಿಕ್ಕಿದ್ದನ್ನು ಹೇಳಿದರು. ಎಲ್ಲಿಗೆ ಹೋಗಿದ್ದೆ ಎಂದರೆ ಪಂಪು ನೋಡಲು ಎಂದಿದ್ದನಂತೆ. "ಆ ಹುಡುಗಿ ಹೋದಾಗಿನಿಂದ ಅವನು ನನ್ನ ಮಗನೇ ಅಲ್ಲ ಕಣೇ. ಒಳಗೆ ಏನು ಸುಡ್ತಿದೆಯೋ, ಏನು ಮಾಡ್ಕೊಂಡಿದಾನೋ" ಎಂದರು. ಆಮೇಲೆ ದನಿ ತಗ್ಗಿಸಿ, "ಕೊಡು. ಅವರು ಕೇಳಿದಷ್ಟು ಕೊಟ್ಬಿಡು. ದೊಡ್ಡವನಿಗೆ ಗೊತ್ತಾಗೋದು ಬೇಡ" ಎಂದರು.

ಒಬ್ಬರ ಹೆದರಿಕೆ ಇಬ್ಬರದಾದರೆ ಅರ್ಧವಾಗುತ್ತದೆ ಎನ್ನುತ್ತಾರೆ. ಆ ಮನೆಯಲ್ಲಿ ಹಾಗಾಗಲಿಲ್ಲ. ಈಗ ಇಬ್ಬರು ಬಾಗಿಲು ಕಾಯತೊಡಗಿದರು. ಬೀದಿಯಲ್ಲಿ ಜೀಪಿನ ಸದ್ದಾದರೆ ಒಬ್ಬರು ಕಿಟಕಿಗೆ, ಇನ್ನೊಬ್ಬರು ಹಿತ್ತಲಿಗೆ. ಚಿಕ್ಕವನು ಸಂಜೆ ಹೊರಗೆ ಹೊರಟರೆ ಅತ್ತೆಗೆ ಎದೆನೋವು ಬರುತ್ತಿತ್ತು. ಅವನು ಚಪ್ಪಲಿ ಬಿಟ್ಟ ಮೇಲೆ ಹೋಗುತ್ತಿತ್ತು. ತಟ್ಟೆಗೆ ಅವನಿಗೆ ಮಾತ್ರ ಎರಡು ಮೊಟ್ಟೆ ಬೀಳುತ್ತಿದ್ದವು. ಅವನ ಅಂಗಿಗಳಿಗೆ ಇಸ್ತ್ರಿ ಬಿತ್ತು. ಮೂರನೆಯ ದಿನ ಅವನು ತಟ್ಟೆ ನೋಡಿ, ಅತ್ತಿಗೆಯ ಮುಖ ನೋಡಿ, "ಏನತ್ತಿಗೆ, ಕಡಿಯೋ ಕುರಿಗೆ ಮೇವು ಹಾಕಿದ ಹಾಗೆ ಹಾಕ್ತಿದೀರಲ್ಲ, ಯಾವತ್ತು ಮುಹೂರ್ತ?" ಎಂದ. ಮಗಳು ನಕ್ಕಳು. ದೊಡ್ಡವನೂ ನಕ್ಕ. ಅತ್ತೆ ಎದ್ದು ಒಳಗೆ ಹೋದರು, ಟೈಲರಮ್ಮ ಬಡಿಸುತ್ತಿದ್ದ ಸೌಟು ಪಾತ್ರೆಯೊಳಕ್ಕೆ ಜಾರಿತು. ನಗು ಅಲ್ಲಿಗೇ ನಿಂತಿತು.

ಮಗಳು ಹತ್ತನೆಯ ತರಗತಿ. ಒಂದು ದಿನ ಅಮ್ಮ ಸ್ನಾನಕ್ಕೆ ಹೋದಾಗ ಹೊಲಿಗೆ ಮೇಜಿನ ಮೇಲೆ ಫೋನು ಮಿಣುಕಿತು. "ಒಳಗಿದ್ದೀರಾ?" ಮೇಲೆ ಸರಿಸಿ ನೋಡಿದರೆ ಅದೇ ಪ್ರಶ್ನೆ, ಅದೇ ಉತ್ತರ, ಉದ್ದಕ್ಕೂ ಇರುವೆ ಸಾಲಿನ ಹಾಗೆ. ಅಮ್ಮ ಯಾರಲ್ಲೋ ಬಡ್ಡಿಗೆ ಸಾಲ ಮಾಡಿದ್ದಾಳೆ, ಅವರು ಕಾಡುತ್ತಿದ್ದಾರೆ ಎಂದುಕೊಂಡಳು. ಶಾಲೆಯ ಪ್ರವಾಸಕ್ಕೆ ತಾನು ಬರುವುದಿಲ್ಲವೆಂದು ಹೇಳಿಬಂದಳು. ರಾತ್ರಿ ಊಟಕ್ಕೆ ಕೂತಾಗ ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. ಮರುದಿನ ಧೈರ್ಯ ಮಾಡಿ, ಆ ಮೆಸೇಜು ಯಾರದು ಎಂದು ಅಮ್ಮನನ್ನು ಕೇಳಿಯೂಬಿಟ್ಟಳು. ಫೋನು ಮುಟ್ಟಿದ್ದಕ್ಕೆ ಟೈಲರಮ್ಮ ಅವಳ ಕೆನ್ನೆಗೆ ಹೊಡೆದಳು. ಆಮೇಲೆ ತಾನೇ ಆ ಕೆನ್ನೆಯನ್ನು ಸೆರಗಿನಿಂದ ಒತ್ತಿ ಹಿಡಿದಳು. ಇಬ್ಬರೂ ಅಳಲಿಲ್ಲ, ಅಪ್ಪ ಮಲಗಿದ್ದ ಹೊತ್ತು ಅದು.

ಅದರ ಮುಂದಿನ ವಾರ ಬೀದಿಯ ತುದಿಯಲ್ಲಿ ಒಂದು ಮಳಿಗೆ ಖಾಲಿಯಾಯಿತು. ಚಿಕ್ಕವನು ಕೆಲಸ ಬಿಟ್ಟು ಓಡಿಬಂದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಕಳೆಯಿತ್ತು. ಒಳಗೆ ಕೈಯೆತ್ತಿದರೂ ಸೂರು ಸಿಗುವುದಿಲ್ಲ ಎಂದು ಕೈಯೆತ್ತಿ ತೋರಿಸಿದ. ನಾಳೆಯೇ ಮುಂಗಡ ಕೊಡಬೇಕು, ಹಣ ತೆಗೆದುಕೊಡಿ ಎಂದು ಅತ್ತಿಗೆಯನ್ನು ಕೇಳಿದ.

ಟೈಲರಮ್ಮ ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ತಲೆಯೆತ್ತದೆ, ಈಗ ಬೇಡ ಎಂದಳು. ಆ ಜಾಗ ಸರಿಯಿಲ್ಲ, ಬಾಡಿಗೆ ಜಾಸ್ತಿ, ಮುಂದೆ ನೋಡೋಣ ಎಂದಳು. ಅತ್ತೆಯೂ ಹೌದೆಂದರು. ಅವನು ಇಬ್ಬರನ್ನೂ ನೋಡಿ ಕೆಲಸಕ್ಕೆ ವಾಪಸು ಹೋದ. ಸಂಜೆ ಅಣ್ಣ ಎದ್ದು ಟೀ ಕುಡಿಯುವಾಗ ನೇರವಾಗಿ ಅವನ ಮುಂದೆ ನಿಂತ.

"ಅಣ್ಣ, ನನ್ನ ದುಡ್ಡು ನೀನೇನಾದ್ರೂ ತಗೊಂಡಿದೀಯಾ?"

"ಯಾವ ದುಡ್ಡೋ?"

"ತಗೊಂಡಿದ್ರೆ ಹೇಳು. ಬೈಯಲ್ಲ. ಅತ್ತಿಗೆ ಕೈಲಿ ಸುಳ್ಳು ಹೇಳಿಸಬೇಡ."

ದೊಡ್ಡವನು ಲೋಟ ಕೆಳಗಿಟ್ಟ. ಹೆಂಡತಿಯ ಕಡೆ ತಿರುಗಿದ. ಟೈಲರಮ್ಮ ಗೋಡೆಗೆ ಒರಗಿ ನಿಂತಿದ್ದಳು. ರವಿಕೆಯೊಳಗೆ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಅವಳು ಸುಳ್ಳನ್ನೇ ಹೇಳಿದಳು: ತನ್ನ ತವರಿನವರಿಗೆ ಕಷ್ಟವಿತ್ತು, ಕೊಟ್ಟಿದ್ದೇನೆ, ಬರುತ್ತದೆ ಎಂದಳು.

ಗಂಡ ಬೈಯಲಿಲ್ಲ. ಎದ್ದು ಅಂಗಿ ಹಾಕಿಕೊಂಡ. ತಮ್ಮನ ಬೆವರು ತಿನ್ನುವ ಮನೆಯಲ್ಲಿ ತನಗೆ ಅನ್ನ ಇಳಿಯುವುದಿಲ್ಲ ಎಂದಷ್ಟೇ ಹೇಳಿದ. ಅಂದಿನಿಂದ ಬೇಕರಿಯಲ್ಲೇ ಬ್ರೆಡ್ಡಿನ ತುಂಡು ತಿಂದು ಬಂದು ಮಲಗತೊಡಗಿದ. ಚಿಕ್ಕವನ ತಟ್ಟೆಯಲ್ಲಿ ಎರಡು ಮೊಟ್ಟೆ ಹಾಗೆಯೇ ಉಳಿದವು. ಅಳೆದು ಮಾಡಿದ ಅನ್ನ ದಿನವೂ ಮಿಕ್ಕಿತು.

ಖಾತೆ ಬರಿದಾದದ್ದು ಫೋನಿನವನಿಗೆ ಹೇಗೋ ತಿಳಿದಿತ್ತು. ಮೇಲಿನವರು ಒಪ್ಪುತ್ತಿಲ್ಲ, ಕೊನೆಯದೊಂದು ಕಂತು ಬಿದ್ದರೆ ಫೈಲು ಮುಚ್ಚುತ್ತದೆ, ಇಲ್ಲದಿದ್ದರೆ ಹುಡುಗನನ್ನು ಅವನ ಕೆಲಸದ ಜಾಗದಿಂದಲೇ ಎತ್ತುತ್ತಾರೆ ಎಂದ. ಮನೆಯಲ್ಲಿ ಬಂಗಾರವಿಲ್ಲವೇ ಎಂದು ಕೇಳಿದ. ಅತ್ತೆ ಮರುಮಾತಿಲ್ಲದೆ ಸೋಪು ಹಚ್ಚಿ ಕೈಬಳೆ ಬಿಚ್ಚಿದರು. ಗಂಡ ಸತ್ತಾಗಲೂ ಬಿಚ್ಚದ ಬಳೆ. ಮಣಿಕಟ್ಟಿನಲ್ಲಿ ಬೆಳ್ಳಗೆ ಪಟ್ಟೆ ಉಳಿದಿತ್ತು. ಬಳೆಯನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ, ಸಂಜೆ ಗಿರವಿ ಅಂಗಡಿ ತೆರೆಯುವುದನ್ನು ಕಾಯುತ್ತ ಇಬ್ಬರೂ ಕೂತಿದ್ದಾಗ ಬಾಗಿಲು ಸದ್ದಾಯಿತು.

ಕೊರಿಯರ್‌ನವನು. ಕಂಕುಳಲ್ಲಿ ಒಂದು ಚೌಕದ ಗಂಟು.

"ಅಕ್ಕ, ವಾಪಸ್ ಬಂದಿದೆ. ಸೈನ್ ಮಾಡಿ."

ಅಡ್ಡಾದಿಡ್ಡಿ ಹೊಲಿಗೆ. ತನ್ನದೇ ನೀಲಿ ದಾರ. ಟೈಲರಮ್ಮ ಹಿಂದೆ ಸರಿದಳು. "ಇದು ನಮ್ಮದಲ್ಲ" ಎಂದಳು.

"ಕಳಿಸಿದವರ ಹೆಸರು ನಿಮ್ಮದೇ ಇದೆಯಲ್ಲ ಅಕ್ಕ" ಎಂದು ಅವನು ಹೊಸ್ತಿಲ ಮೇಲಿಟ್ಟು, ತಾನೇ ಏನೋ ಗೀಚಿಕೊಂಡು ಹೋದ.

ಮಾತ್ರೆ ತುಂಬಿದ ಗಂಟು, ಅಧಿಕಾರಿಗಳ ವಶದಲ್ಲಿರಬೇಕಾದ ಗಂಟು, ಹೊಸ್ತಿಲ ಮೇಲೆ ಕೂತಿತ್ತು. ಅತ್ತೆ ಅದನ್ನು ಕಾಲಿನಿಂದಲೇ ಒಳಗೆ ತಳ್ಳಿ ಬಾಗಿಲು ಹಾಕಿದರು. ಮೋರಿಗೆ ಎಸೆಯೋಣ ಎಂದರು, ಮರುಕ್ಷಣ ಯಾರಾದರೂ ನೋಡಿದರೆ ಎಂದರು. ಟೈಲರಮ್ಮನಿಗೆ ತೋಚಿದ್ದು ಒಂದೇ: ಮನೆಯೊಳಗೆ ಮಾಲು ಇಟ್ಟು ಹಿಡಿಯಲೆಂದೇ ಕಳಿಸಿದ್ದಾರೆ, ಇನ್ನೇನು ಬರುತ್ತಾರೆ. ಬಚ್ಚಲಿಗೂ ಹೋಗದೆ ಅಲ್ಲೇ ನಿಂತು ಆ ನಂಬರು ಒತ್ತಿದಳು. ಅತ್ತೆಗೆ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಸಾರ್, ಆ ಪಾರ್ಸೆಲ್ ಮನೆಗೆ ಬಂದುಬಿಟ್ಟಿದೆ ಸಾರ್."

ಆ ಕಡೆ ದೂರದಲ್ಲಿ ಯಾರೋ ನಕ್ಕರು, ಲೋಟಗಳ ಸದ್ದಾಯಿತು.

"ಯಾವ ಪಾರ್ಸೆಲ್?"

ಅಲ್ಲಿಗೆ ಅವನ ಬಾಯಿ ತಡವರಿಸಿತು. ಆಮೇಲೆ ಅದೇ ಮೆತ್ತನೆಯ ದನಿ, "ಹಾಂ, ಹೌದಮ್ಮಾ. ನಾವೇ ಕಳಿಸಿದ್ದು. ಅದನ್ನ ಮುಟ್ಟಬೇಡಿ. ಈಗ ವಿಷಯ ಇನ್ನೂ ದೊಡ್ಡದಾಗಿದೆ..."

ಅತ್ತೆ ಕೈಚಾಚಿ ಫೋನು ಕಸಿದುಕೊಂಡರು. ಕತ್ತರಿಸುವುದು ಹೇಗೆಂದು ತಿಳಿಯದೆ ಹೊಲಿಗೆ ಮೇಜಿನ ಮೇಲಿನ ಬಟ್ಟೆಯ ರಾಶಿಯೊಳಗೆ ಹೂತುಹಾಕಿದರು. ದನಿ ಒಳಗಿನಿಂದ ಸ್ವಲ್ಪ ಹೊತ್ತು ಗೊಣಗಿ ನಿಂತಿತು.

"ಅವನಿಗೆ ಗೊತ್ತಿರಲಿಲ್ಲ ಕಣೇ" ಎಂದರು ಅತ್ತೆ. "ಎರಡು ಗಂಡುಮಕ್ಕಳನ್ನ ಸಾಕಿದೀನಿ. ಸುಳ್ಳು ಹುಡುಕೋವಾಗ ಬಾಯಿ ಹೀಗೇ ನಿಲ್ಲೋದು. ಯಾವ ಪಾರ್ಸೆಲ್ ಅಂತಾನಲ್ಲ. ಇಷ್ಟು ದಿನ ನಮ್ಮನ್ನ ತಿಂದಿದ್ದು ಯಾವ ಪಾರ್ಸೆಲ್ಲಿಗೆ?"

ಟೈಲರಮ್ಮ ಗಂಟಿನ ಪಕ್ಕ ನೆಲದ ಮೇಲೆ ಕೂತಳು. ಹೋದ ಹಣವೆಲ್ಲ ಒಮ್ಮೆಗೇ ಅವಳ ಕಣ್ಣ ಮುಂದೆ ಬಂತು. ಬಟ್ಟೆಯ ರಾಶಿಯೊಳಗೆ ಫೋನು ಮತ್ತೆ ಬಡಿದುಕೊಳ್ಳತೊಡಗಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಆ ಸದ್ದಿಗೆ ದೊಡ್ಡವನು ಎದ್ದು ಬಂದ. ಬಾಗಿಲು ಹಾಕಿದ ಕೋಣೆ, ಬರಿಗೈಯ ತಾಯಿ, ನೆಲದ ಮೇಲೆ ಹೆಂಡತಿ, ನಡುವೆ ಗಂಟು. ಈ ಸಲ ಇಬ್ಬರೂ ಏನನ್ನೂ ಮುಚ್ಚಿಡಲಿಲ್ಲ.

ಎಲ್ಲ ಕೇಳಿ ಅವನು ಬಟ್ಟೆಯ ರಾಶಿಗೆ ಕೈ ಹಾಕಿದ. ಫೋನನ್ನು ಹೊರಗೆ ತೆಗೆದು ಆರಿಸಿದ. ಆಮೇಲೆ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಗಂಟಿನ ಮುಂದೆ ಕೂತ. ಟೈಲರಮ್ಮ ಹೊಲಿಗೆಯ ಮೇಲೆ ಕೈ ಅಡ್ಡ ಇಟ್ಟಳು. ಫೋನಿನವನು ಕಳ್ಳನೆಂದ ಮಾತ್ರಕ್ಕೆ ಗಂಟಿನೊಳಗೆ ಏನೂ ಇಲ್ಲವೆಂದಾಯಿತೇ? ಅವಳ ಹೆದರಿಕೆ ಫೋನಿನಿಂದ ಇಳಿದು ಆ ಬಟ್ಟೆಯೊಳಕ್ಕೆ ಹೋಗಿ ಕೂತಿತ್ತು.

"ಅವನು ಬರಲಿ" ಎಂದಳು. "ಅವನಿಲ್ಲದೆ ಬಿಚ್ಚೋದು ಬೇಡ."

ಚಿಕ್ಕವನು ಬಂದಾಗ ದೀಪ ಹಾಕುವ ಹೊತ್ತಾಗಿತ್ತು. ಯಾರೂ ದೀಪ ಹಾಕಿರಲಿಲ್ಲ. ಅವನೇ ಸ್ವಿಚ್ಚು ಒತ್ತಿದ. ಗಂಟನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಅತ್ತೆ ಸೊಸೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಅವನು ಬಗ್ಗಿ, ಮೇಲೆ ಅಂಟಿಸಿದ್ದ ಹೊಸ ಚೀಟಿ ಓದಿದ: ಪಡೆಯಲು ನಿರಾಕರಿಸಿದ್ದಾರೆ.

"ತಗೊಳ್ಳಲಿಲ್ಲವಾ" ಎಂದ, ಯಾರಿಗೂ ಅಲ್ಲ. ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚಿದ. ಒಳಗೆ ಒಂದು ಹಳೆಯ ರೇಡಿಯೋ ಇತ್ತು. ಹಲ್ಲುದುರಿದ ಗುಂಡಿ, ಒರೆಸಿ ಹೊಳಪಾಗಿಸಿದ ಮೈ.

ಅದು ಅವನ ಮಾವನದು. ಮದುವೆಯಾದ ಹೊಸದರಲ್ಲಿ ಮಾವ ರಿಪೇರಿಗೆಂದು ಕೊಟ್ಟಿದ್ದು. ಬೇಕಾದ ಬಿಡಿಭಾಗ ಆಗ ಸಿಕ್ಕಿರಲಿಲ್ಲ. ಅದು ಸಿಗುವ ಹೊತ್ತಿಗೆ ಸಂಬಂಧವೇ ಮುಗಿದಿತ್ತು. ಈಚೆಗೆ ಪರವೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅಂಥದೇ ಒಂದು ಇದೆಯೆಂದು ಫೋನು ಬಂತು, ಬಸ್ಸು ಹತ್ತಿ ಹೋಗಿ ಬಿಚ್ಚಿ ತಂದ. ಜನ ಬೇಡವಾದ ಮೇಲೆ ಅವರ ವಸ್ತುವೂ ನಮ್ಮಲ್ಲಿರಬಾರದು ಎಂದು, ಮಾವ ಈಗ ಬೇರೆ ಊರಿನಲ್ಲಿ ಇಟ್ಟುಕೊಂಡಿರುವ ಕಿರಾಣಿ ಅಂಗಡಿಗೆ ಕಳಿಸಿದ್ದ. ಆ ಮನೆಯ ಮಾತು ಎತ್ತಕೂಡದೆಂದು ಅಮ್ಮ ಹೇಳಿದ್ದಳಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ ಎಂದ. ಅತ್ತೆ ತಲೆ ತಗ್ಗಿಸಿದರು.

"ಇಷ್ಟಕ್ಕೆ ಯಾಕೆ ಹೆಣ ಕಾಯೋ ಹಾಗೆ ಕೂತಿದೀರಿ?" ಎಂದು ಅವನು ಕೇಳಿದ.

ಅಣ್ಣನೇ ಹೇಳಿದ. ಹೇಳಿ ಮುಗಿಸುವವರೆಗೂ ಚಿಕ್ಕವನು ರೇಡಿಯೋದ ಗುಂಡಿಯನ್ನು ತಿರುಗಿಸುತ್ತ ಕೂತಿದ್ದ. ಹಣ ಪೂರ್ತಿ ಹೋಯಿತೇ ಎಂದು ಒಮ್ಮೆ ಕೇಳಿದ. ಪೂರ್ತಿ ಎಂದಳು ಟೈಲರಮ್ಮ. ಮಳಿಗೆಯ ಮಾತನ್ನು ಅವನು ಎತ್ತಲೇ ಇಲ್ಲ.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಅತ್ತಿಗೆ. ಅದರಲ್ಲಿ ಏನಿದೆ ಅಂತ."

ಟೈಲರಮ್ಮ ಕತ್ತರಿಸಿದ ನೀಲಿ ದಾರದ ತುಂಡುಗಳನ್ನು ಹೆಕ್ಕುತ್ತಿದ್ದಳು. "ಕೇಳಿದ್ರೆ ನೀನು ಹೌದು ಅಂದ್ಬಿಟ್ರೆ ಅಂತ ಹೆದರಿಕೆ ಆಯ್ತಪ್ಪ" ಎಂದಳು.

ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಗೆ ಕ್ಷಮಿಸಿದೆ ಎಂದು ಅರ್ಥವೋ ತಿಳಿಯಿತು ಎಂದು ಅರ್ಥವೋ ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಅಣ್ಣ ತಮ್ಮ ಇಬ್ಬರೂ ಅವಳನ್ನು ಠಾಣೆಗೆ ಕರೆದುಕೊಂಡು ಹೋದರು. ಮೆಟ್ಟಿಲಲ್ಲಿ ಅವಳ ಕಾಲು ಮುಂದೆ ಬರಲಿಲ್ಲ. ಒಳಗೆ ಹೋದರೆ ಮೈದುನನನ್ನು ಇಟ್ಟುಕೊಂಡುಬಿಡುತ್ತಾರೆ ಎಂಬ ಭಯ ಇನ್ನೂ ಬಿಟ್ಟಿರಲಿಲ್ಲ. ಅಲ್ಲಿದ್ದ ಪೊಲೀಸ್ ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಂಡಳು, ಹಣ ಎಷ್ಟೋ ಕೈ ದಾಟಿ ಹೋಗಿದೆ, ಸಿಕ್ಕರೂ ಸಿಗಬಹುದು ಎಂದಳು. ಯಾವ ಠಾಣೆಯೂ ಯಾರನ್ನೂ ಫೋನಿನಲ್ಲಿ ಹಿಡಿದು ಕೂರಿಸುವುದಿಲ್ಲಮ್ಮ ಎಂದಳು. ಟೈಲರಮ್ಮ ಹೂಂಗುಟ್ಟಿದಳು. ಅಲ್ಲಿ ಕೇಳುವಾಗ ಎಲ್ಲವೂ ಹೌದೆನಿಸಿತು. ಆದರೂ ಮನೆಯಲ್ಲಿ ಯಾರದೇ ಫೋನು ಸದ್ದಾದರೆ ಅವಳ ಕೈ ತಾನಾಗಿಯೇ ರವಿಕೆಗೆ ಹೋಗುತ್ತಿತ್ತು.

ಮಳಿಗೆ ಬೇರೆಯವರಿಗೆ ಹೋಯಿತು. ದೊಡ್ಡವನು ಮನೆಯಲ್ಲಿ ಉಣ್ಣತೊಡಗಿದ. ಅತ್ತೆ ಬಳೆ ಮತ್ತೆ ಹಾಕಿಕೊಂಡರು. ಮಗಳು ಅಮ್ಮನ ಫೋನಿನಲ್ಲಿ ಆ ನಂಬರುಗಳನ್ನೆಲ್ಲ ತಡೆಹಿಡಿದಳು.

ಚಿಕ್ಕವನು ಮಾತ್ರ ಹೊಸದೊಂದು ರೂಢಿ ಶುರುಮಾಡಿದ. ಸಂಜೆ ಬಂದವನೇ ಕೈಚೀಲವನ್ನು ಹೊಲಿಗೆ ಮೇಜಿನ ಮೇಲೆ ಪೂರ್ತಿ ಸುರಿಯುತ್ತಿದ್ದ. ಇಕ್ಕಳ, ವೈರಿನ ಸುರುಳಿ, ಟೇಪು, ಊಟದ ಡಬ್ಬಿ. ಸೋಪು ತಂದರೆ ಅದರ ಕಾಗದವನ್ನೂ ಬಿಚ್ಚಿ ಇಡುತ್ತಿದ್ದ. ಸಿಟ್ಟಿನ ಸದ್ದಿರಲಿಲ್ಲ, ನೋಡಿ ಎನ್ನುತ್ತಲೂ ಇರಲಿಲ್ಲ. ಇಟ್ಟು, ಸ್ವಲ್ಪ ನಿಂತು, ಮತ್ತೆ ತುಂಬಿಕೊಂಡು ಒಳಗೆ ಹೋಗುತ್ತಿದ್ದ. ಸಾಕು ಮಾಡೋ ಎಂದರು ಅತ್ತೆ. ಇರಲಿ ಅಮ್ಮ ಎಂದ. ಟೈಲರಮ್ಮ ನೋಡಿದರೂ ತಪ್ಪು, ನೋಡದಿದ್ದರೂ ತಪ್ಪು. ಸಂಜೆ ಅವನ ಚಪ್ಪಲಿಯ ಸದ್ದು ಕೇಳಿದರೆ, ಹಿಂದೆ ಮೆಸೇಜಿಗೆ ಹೇಗೋ ಹಾಗೆ, ಅವಳು ಹಿಡಿದ ಕೆಲಸ ಬಿಟ್ಟು ಕಾಯುತ್ತಿದ್ದಳು. ಈ ಮನೆಯಲ್ಲಿ ಇನ್ನು ಸಾಯುವವರೆಗೂ ಹೀಗೇ ಎಂದುಕೊಂಡಳು.

ಒಂದು ಸಂಜೆ ಅವನು ಬಂದಾಗ ಚೀಲ ಉಬ್ಬಿತ್ತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಏನೋ ಭಾರದ್ದು. ಸುರಿಯಲೆಂದು ಬಾಯಿ ಬಿಚ್ಚತೊಡಗಿದ. ಟೈಲರಮ್ಮ ಮಿಷನ್ನು ನಿಲ್ಲಿಸಿ ಎದ್ದು ಬಂದು, ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು.

"ಇದರಲ್ಲಿ ಏನಿದೆಯಪ್ಪ?" ಎಂದಳು.

ಅವನು ಅವಳನ್ನು ನೋಡಿದ.

"ಫ್ಯಾನಿನ ಮೋಟರು ಅತ್ತಿಗೆ. ಸುಟ್ಟುಹೋಗಿದೆ."

"ಸರಿ" ಎಂದು ಅವಳು ಚೀಲವನ್ನು ಬಿಚ್ಚದೆ ಗೋಡೆಯ ಮೊಳೆಗೆ ನೇತುಹಾಕಿದಳು. "ಕೈ ತೊಳ್ಕೊಂಡು ಬಾ. ಅನ್ನ ಆರಿಹೋಗುತ್ತೆ."